ಮಸ್ಕಿರಿ ಆಟದ ಮಜಾ ಇರೋದು ಪಲಂಗದ ಕೆಳಗ

ನಿನ್ನಿ ರಾತ್ರಿ ನಮ್ಮ ಶಾಲಿ ದೋಸ್ತರ ವಾಟ್ಸಾಪ್ ಗ್ರೂಪಿನ್ಯಾಗ ದೊಡ್ಡ ಜಗಳ ಆತು ನೋಡ್ರಿ. ರಾಜಕೀಯ ಅಲ್ಲ, ಕ್ರಿಕೆಟ್ ಅಲ್ಲ, ಯಾರ ಪ್ಲಾಟಿನ ರೇಟೂ ಅಲ್ಲ. ನಲವತ್ತರ ಹತ್ರ ಬಂದ ಗಂಡಸ್ರು, ತಲಿ ಮ್ಯಾಗ ಕೂದಲಾ ಕಮ್ಮಿ, ಇಎಂಐ ಜಾಸ್ತಿ, ಇಂಥಾ ಮಂದಿ ಹನ್ನೆರಡು ಗಂಟಿ ತನಕ ಕಡದಾಡಿದ್ದು ಒಂದು ವಿಡಿಯೋ ಗೇಮ್ ಸಲುವಾಗಿ. ಅಲ್ಲಿ ಟೈಪ್ ಮಾಡಿ ಮಾಡಿ ಬಟ್ಟು ನೊಂದ್ವು, ಹೇಳೋದು ಇನ್ನಾ ಉಳದದ, ಅದಕ್ಕ ಇಲ್ಲಿ ಬರಿಲಾಕತ್ತೀನಿ. ಗೇಮ್ ಆಡದವ್ರೂ ಓದ್ರಿ, ನಡುವ ನಮ್ಮ ಗಲ್ಲಿ ಕಾಕಾ ಬರ್ತಾನ.

ಗೇಮಿನ ಹೆಸರು ನೇಬರ್ಸ್ ಫ್ರಮ್ ಹೆಲ್. ಆಸ್ಟ್ರಿಯಾದ ಜೊವುಡ್ ಅನ್ನೋ ಕಂಪನಿ 2003ರಾಗ ತಂದದ್ದು, ಮರುವರ್ಷ 2004ರಾಗ ಎರಡನೇದು ಬಂತು. ನಮ್ಮಲ್ಲಿಗಿ ಅದು ಬರಲಾಕ ಇನ್ನೆರಡು ಮೂರು ವರ್ಷ ಹಿಡೀತು, ಅದೂ ಮಾರ್ಕರ್‌ಲೆ ಹೆಸರು ಬರದ ಡುಪ್ಲಿಕೇಟ್ ಸಿಡಿನ್ಯಾಗ. ಆಗ ಊರಿನ ಹೆಸರು ಇನ್ನಾ ಗುಲ್ಬರ್ಗಾ. ನಮ್ಮ ಕಾಕಾನ ಮಗನ ಮನ್ಯಾಗ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇತ್ತು, ಮಾನಿಟರ್ ಮ್ಯಾಗ ಕಕ್ಕಿ ಹೊಲಿದ ಕವರ್, ಅದರ ಮ್ಯಾಗ ಕ್ರೋಶಾದ ಹೂವು. ಬ್ಯಾಸಗಿ ಸೂಟಿನ್ಯಾಗ ಹೊರಗ ಕಾಲಿಟ್ರ ಹಂಚಿನ ಮ್ಯಾಗ ಇಟ್ಟಂಗ, ಅದಕ್ಕ ಆರೇಳು ಮಂದಿ ಒಂದೇ ಖೋಲಿನ್ಯಾಗ, ಒಂದೇ ಮೌಸ್, ಕರೆಂಟ್ ಹೋದ್ರ ಎಲ್ಲಾರೂ ಒಮ್ಮಿಗೇ ಯಪ್ಪಾ ಅಂತ ಒದರೋದು.

ಕಥಿ ಇಷ್ಟೇ. ವುಡಿ ಅನ್ನೋ ಒಬ್ಬ ಪೋರ, ಬಾಜೂ ಮನ್ಯಾಗ ರಾಟ್‌ವೈಲರ್ ಅನ್ನೋ ದಪ್ಪ ಹೊಟ್ಟಿ ಸಿಡುಕ ಮನಶಾ. ವುಡಿ ಟಿವಿಯವ್ರನ್ನ ಕರ್ಕೊಂಡು ಬಂದಾನ, ಕ್ಯಾಮೆರಾ ಇಟ್ಟಾರ, ಈತ ಕಳ್ಳ ಹೆಜ್ಜಿ ಇಟ್ಟು ಒಳಗ ಹೋಗಿ ಕಿತಾಪತಿ ಮಾಡ್ಬೇಕು, ಟಿವಿ ನೋಡೋ ಮಂದಿ ನಕ್ಕಷ್ಟೂ ರೇಟಿಂಗ್ ಏರ್ತದ. ಮೈಕ್ರೋವೇವಿನ್ಯಾಗ ತತ್ತಿ ಇಡು, ನೆಲದ ಮ್ಯಾಗ ಸಾಬೂನು ಒಗಿ, ಕುರ್ಚಿ ಕಾಲು ಗರಗಸದ್ಲೆ ಕೊಯ್ಯಿ, ಅವ ಪೂಜಾ ಮಾಡೋದೊಂದು ಬಾಕಿ ಅನ್ನೋಹಂಗ ಇಟ್ಕೊಂಡ ಅವ್ವನ ಫೋಟೋಕ್ಕ ಪೆನ್ನಿಲೆ ಗೀಚು. ಸಿಕ್ಕಿಬಿದ್ರ ಹೊಡದು ಹಣ್ಣು ಮಾಡ್ತಾನ, ಆಟ ಖತಂ.

ಇದನ್ನ 2020ರ ಅಕ್ಟೋಬರಿನ್ಯಾಗ ನೇಬರ್ಸ್ ಬ್ಯಾಕ್ ಫ್ರಮ್ ಹೆಲ್ ಅನ್ನೋ ಹೆಸರಿನ್ಯಾಗ ಮತ್ತ ತಂದ್ರು. ಜೊವುಡ್ ಕಂಪನಿ 2011ರಾಗೇ ದಿವಾಳಿ ಎದ್ದಿತ್ತು, ಹಕ್ಕು ಬ್ಯಾರೇದವ್ರ ಕೈಗಿ ಹೋಗಿ, ಕಡೀಕಿ ಜರ್ಮನಿಯ ಹ್ಯಾಂಡಿಗೇಮ್ಸ್ ಇದನ್ನ ಹೊರಗ ತಂತು. ಹಳಿ ಎರಡೂ ಆಟ ಒಂದ್ರಾಗೇ ಅವ, ಚಿತ್ರ ಫುಲ್ ಎಚ್‌ಡಿ ಆಗ್ಯದ, ಅನಿಮೇಶನ್ ಫ್ರೇಮ್, ಅಂದ್ರ ಗೊಂಬಿ ಅಲುಗಾಡಿದಂಗ ಕಾಣ್ಲಾಕ ಒಂದರ ಹಿಂದ ಒಂದು ತೋರ್ಸೋ ಚಿತ್ರ, ಡಬಲ್ ಮಾಡ್ಯಾರ, ಕಂಪ್ಯೂಟರ್ ಅಷ್ಟೇ ಅಲ್ಲದ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಅನ್ನೋ ಗೇಮ್ ಮಷಿನಿನ್ಯಾಗೂ ಆಡ್ಲಾಕ ಬರ್ತದ. ನಾವು ಹೆಂಗಿದ್ರೂ ಐದಾರು ವರ್ಷ ಲೇಟು, ಮೊನ್ನಿ ಸೇಲಿನ್ಯಾಗ ಒಬ್ಬ ದೋಸ್ತ ಖರೀದಿ ಮಾಡಿ ಸ್ಕ್ರೀನ್‌ಶಾಟ್ ಹಾಕಿದ, ಅಲ್ಲಿಂದ ಹತ್ತಿತು ಬೆಂಕಿ.

ಬೀದರದಾಗ ಇರೋ ದೋಸ್ತ ಅಂದ, ಇದು ಮೋಸ, ಹೊಸಾದು ಒಂದು ಲೆವೆಲ್ ಇಲ್ಲ, ಹಳಿ ಫೋಟೋ ಜಗ್ಗಿ ದೊಡ್ಡದು ಮಾಡಿ ಫ್ರೇಮ್ ಹಾಕ್ಯಾರ, ಇದಕ್ಕ ರೊಕ್ಕಾ ಯಾಕ ಕೊಡ್ಬೇಕು. ಯಾದಗಿರಿಯವ ಅಂದ, ಏ ನನ್ನ ಸಣ್ಣಂದು ವಾಪಸ್ ಬಂತೋ ಮಾರಾಯ, ಆ ಮ್ಯೂಸಿಕ್ ಕೇಳಿದ ಕೂಡ್ಲೇ ಕಣ್ಣಾಗ ನೀರು ಬಂತು ಅಂತ. (ಇವಂಗ ಎಲ್ಲಾದಕ್ಕೂ ಕಣ್ಣಾಗ ನೀರು ಬರ್ತಾವ, ಬಿಡ್ರಿ.) ಬೆಂಗಳೂರಿಗಿ ಹೋಗಿ ಸಾಫ್ಟ್‌ವೇರ್ ಆದವ ಒಬ್ಬ ಇದ್ದಾನ, ಅವಂದು ಬ್ಯಾರೇನೇ ತಕರಾರು, ಆಟ ಸ್ಲೋ ಅದ, ಬರೇ ಕಾಯೋದೇ ಆತು, ಈಗಿನ ಕಾಲಕ್ಕ ನಡೆಯಂಗಿಲ್ಲ ಅಂದ.

ಮೊದಲಿನ ಇಬ್ಬರ ಮಾತಿಗಿ ನಂದೇನು ದೊಡ್ಡ ಜಗಳ ಇಲ್ಲ. ರಿಮಾಸ್ಟರ್ ಅಂದ್ರ ಹಳಿ ಮನಿಗಿ ಸುಣ್ಣಾ ಬಳದಂಗ, ಕೆಡವಿ ಕಟ್ಟಿದ್ರ ಅದು ರಿಮೇಕ್. ಸುಣ್ಣಾ ಬಳದವಂಗ ಮ್ಯಾಲ ಇನ್ನೊಂದು ಖೋಲಿ ಯಾಕ ಏರಿಸಿಲ್ಲ ಅಂತ ಕೇಳಿದ್ರ ಅವರೇನು ಹೇಳ್ಬೇಕು. ಆದ್ರ ಸುಣ್ಣಾ ಬಳದಿದ್ದಕ್ಕ ಹೊಸ ಮನಿ ರೇಟ್ ಕೇಳಬಾರ್ದು, ಇದೂ ಖರೆ, ಅದಕ್ಕ ಫುಲ್ ರೇಟಿಗಿ ತೊಗೊಂಡವ್ರು ಬೈದ್ರ ನಾ ಬ್ಯಾಡ ಅನ್ನಂಗಿಲ್ಲ. ನಂಗ ಸಿಟ್ಟು ಬಂದಿದ್ದು ಮೂರನೇದವನ ಮಾತಿಗಿ. ಕಾಯೋದೇ ಆತು ಅಂತಾನ. ಅಲ್ಲೋ ಶಾಣ್ಯಾ, ಕಾಯೋದೇ ಆಟ!

ಮಂದಿ ಇದನ್ನ ಮಸ್ಕಿರಿ ಆಟ ಅಂತಾರ. ನಾ ಅಂತೀನಿ ಇದು ಗಡಿಯಾರದ ಆಟ. ರಾಟ್‌ವೈಲರ್ ಒಂದು ಲೆಕ್ಕದಾಗ ತಿರುಗ್ತಾನ, ಅಡಿಗಿ ಮನಿ, ಅಲ್ಲಿಂದ ಬಚ್ಚಲಾ, ಅಲ್ಲಿಂದ ಟಿವಿ ಮುಂದ, ಮತ್ತ ಅಡಿಗಿ ಮನಿ, ಗಾಣದ ಎತ್ತಿನಂಗ. ಮುಂದ ಏನು ಮಾಡಾವ ಅನ್ನೋದು ಸ್ಕ್ರೀನ್ ಮ್ಯಾಗ ಗುಳ್ಳಿನ್ಯಾಗ ಕಾಣ್ತದ. ನೀವು ಕಪಾಟಿನ್ಯಾಗೋ ಪಲಂಗದ ಕೆಳಗೋ ಸೇರ್ಕೊಂಡು ಅವ ಯಾವಾಗ ಹೋಗ್ತಾನ, ಎಷ್ಟೊತ್ತಿಗಿ ಬರ್ತಾನ ಅಂತ ಎಣಿಸ್ಬೇಕು. ಅದರ ಮ್ಯಾಗ ಇನ್ನೊಂದು ಗಮ್ಮತ್ತಿಂದು ಅದ. ಒಂದು ಪೆಟ್ಟಿಗಿ ಸಿಟ್ಟಾದವ ಥಂಡ ಆಗೋದ್ರೊಳಗ ಇನ್ನೊಂದು ಪೆಟ್ಟು ಬಿದ್ರ ರೇಟಿಂಗ್ ಜಿಗೀತದ, ಥಂಡ ಆದ ಮ್ಯಾಗ ಬಿದ್ರ ಅಷ್ಟು ಸಿಗಂಗಿಲ್ಲ. ಅದಕ್ಕ ಸಾಬೂನು ಎಲ್ಲಿ ಒಗೀಬೇಕು ಅನ್ನೋದು ದೊಡ್ಡ ಮಾತಲ್ಲ, ಸಾಬೂನಿಗಿ ಜಾರಿ ಎದ್ದು ಬುಸುಬುಸು ಅನ್ಕೋತ ಅವ ಎಲ್ಲಿ ಹೋಗಿ ಕುಂದರ್ತಾನ ಅನ್ನೋದು ಮೊದಲೇ ಗೊತ್ತಿದ್ದು ಆ ಕುರ್ಚಿ ಕಾಲು ಆಗ್ಲೇ ಕೊಯ್ದು ಇಟ್ಟಿರಬೇಕು. ಜಾತ್ರಿಗಿ ಬರೋ ಕಂಪನಿ ನಾಟಕದಾಗ ಹಾಸ್ಯಪಾತ್ರದವ್ರನ್ನ ನೋಡ್ರಿ, ಮಂದಿ ನಕ್ಕು ಉಸುರು ತೊಗೊಳ್ಳೋ ಹೊತ್ತಿಗಿ ಸರಿಯಾಗಿ ಎರಡನೇ ಮಾತು ಒಗೀತಾರ, ಜರಾ ಮೊದಲಾದ್ರ ಯಾರಿಗೂ ಕೇಳ್ಸಂಗಿಲ್ಲ, ಜರಾ ತಡಾ ಆದ್ರ ಮಂದಿ ಶೇಂಗಾ ತಿನ್ಲಾಕ ಹತ್ತಿರ್ತಾರ. ಅದೇ ಲೆಕ್ಕ ಇಲ್ಲೂ.

ಈಗ ಕಾಕಾನ ಕಥಿಗಿ ಬರ್ತೀನಿ.

ನಮ್ಮ ಗಲ್ಲಿನ್ಯಾಗ ನಮ್ಮನಿ ಎದುರ ಮನಿ ಕಾಕಾ ಇದ್ದ. ಸ್ವಂತ ಕಾಕಾ ಅಲ್ಲ, ಗಲ್ಲಿಗೆಲ್ಲಾ ಕಾಕಾ. ಸಿಟ್ಟಂದ್ರ ಸಿಟ್ಟು, ಬಾಲ್ ಅವನ ಅಂಗಳಕ್ಕ ಬಿತ್ತಂದ್ರ ಹೋತು, ಆ ಮನ್ಯಾಗ ನಮ್ಮ ಬಾಲಿಂದೇ ಒಂದು ಡಬ್ಬಿ ಇತ್ತು. ಬ್ಯಾಸಗಿನ್ಯಾಗ ಅವಂದು ದಿನಾ ಒಂದೇ ಲೆಕ್ಕ. ಐದಕ್ಕ ಬಾಗಲಾ ತಗೀತಾನ, ಅಂಗಳದ ಶಹಾಬಾದ್ ಫರ್ಸಿ ಮ್ಯಾಗ ಬಕೀಟು ನೀರು ಹೊಡೀತಾನ, ಫರ್ಸಿ ಚುರ್ ಅಂತದ, ಹಸಿ ಕಲ್ಲಿನ ವಾಸನಿ ನಮ್ಮನಿ ತನಕ ಬರ್ತಿತ್ತು. ಆಮ್ಯಾಲ ನವಾರದ ಪಲಂಗ ತಂದು ಇಡ್ತಾನ, ರೇಡಿಯೋ ಇಡ್ತಾನ, ಚಾ ತರ್ಲಾಕ ಒಳಗ ಹೋಗ್ತಾನ. ಆ ಚಾದ ಹೊತ್ತೇ ನಮ್ಮ ಟೈಮು, ನೂರು ಎಣಿಸೋದ್ರೊಳಗ ಹೊರಗ ಬರ್ತಿದ್ದ, ನಾವು ನಾಲ್ಕು ದಿನ ಎಣಿಸಿ ನೋಡಿದ್ವಿ, ಒಮ್ಮಿ ತೊಂಬತ್ತು, ಒಮ್ಮಿ ನೂರಾಹತ್ತು. ಐದನೇ ದಿನ ಇಬ್ಬರು ಪೋರಗೋಳು ಬಗ್ಗಿ ಹೋಗಿ ನಡುವಿನ ನವಾರ ಸಡ್ಲ ಮಾಡಿ ಬಂದ್ರು, ನಾ ಕಟ್ಟಿ ಹಿಂದ ನಿಂತು ಎಣಸ್ತಿದ್ದೆ. ಕಾಕಾ ಬಂದ, ಕಪ್ಪು ಬಶಿ ಎರಡೂ ಕೈಯಾಗ, ಕುಂತ. ಕುಂತವ ಹಂಗೇ ಕೆಳಗ ಹೋದ, ಮೊಣಕಾಲು ಗದ್ದಕ್ಕ ಬಂದ್ವು, ಆದ್ರ ಚಾ ಒಂದು ಹನಿ ಚೆಲ್ಲಿಲ್ರಿ, ಎರಡೂ ಕೈ ಮ್ಯಾಗ ಎತ್ತಿ ಹಿಡಕೊಂಡೇ ಇದ್ದ, ಹಿಡಕೊಂಡು ಕಕ್ಕಿಗಿ ಒದರ್ಲಾಕತ್ತ. ಕಕ್ಕಿ ಹೊರಗ ಬಂದು ಮೊದಲು ಚಾ ಇಸ್ಕೊಂಡ್ಳು. ಆಮ್ಯಾಲ ಗಂಡನ್ನ ನೋಡಿದ್ಳು. ನೋಡಿ ಆಕಿ ನಕ್ಕ ನಗು ಅದಲ್ಲಾ, ಬಾಗಲಾ ಹಿಡಕೊಂಡು ಕುಂತೇ ಬಿಟ್ಳು. ನಾವು ನಗೋದ್ರಾಗ ಸಿಕ್ಕಿಬಿದ್ವಿ, ನನ್ನ ಕಿವಿ ಎರಡು ದಿನ ಕೆಂಪಿತ್ತು, ಮನ್ಯಾಗ ಅವ್ವ ಬ್ಯಾರೇ ಕೊಟ್ಳು.

ಈ ಎಣಿಸೋದನ್ನ ನಾವು ಕಲ್ತಿದ್ದು ಆ ಗೇಮಿಂದೋ, ಆ ಗೇಮ್ ನಮಗ ಅಷ್ಟು ಹಿಡಿಸಿದ್ದು ನಾವು ಮೊದಲೇ ಎಣಸ್ತಿದ್ವಿ ಅಂತನೋ, ಈಗ ನೆನಪಿಲ್ಲ. ಹೋಳಿ ಹುಣ್ಣಿವಿಗಿ ಕಾಮಣ್ಣಗ ಕಟ್ಟಿಗಿ ಕುಳ್ಳು ಕದ್ದವ್ರು ಯಾರಾದ್ರೂ ಇದ್ರ ಅವ್ರಿಗಿ ಗೊತ್ತಿರ್ತದ, ಕದಿಯೋದು ಒಂದು ನಿಮಿಷದ ಕೆಲಸ, ಆ ಮನಿ ಯಜಮಾನ ಮಲಗೋ ಹೊತ್ತು ತಿಳ್ಕೊಳ್ಳೋದೇ ಎರಡು ದಿನದ ಕೆಲಸ.

ಅದಕ್ಕ ರಿಮಾಸ್ಟರ್ ಮಾಡಿದವ್ರು ಈ ಲೆಕ್ಕಕ್ಕ ಕೈ ಹಚ್ಚಿಲ್ಲಲ್ಲ, ಅದೇ ನಂಗ ದೊಡ್ಡ ಸಮಾಧಾನ. ಕಾಯೋದು ಬ್ಯಾಸರ ಅಂತ ರಾಟ್‌ವೈಲರ್‌ಗ ಗಾಲಿ ಕಟ್ಟಿ ಓಡಿಸಿದ್ರ ಆಟ ಅಲ್ಲೇ ಸತ್ತು ಹೋಗ್ತಿತ್ತು.

ತಕರಾರು ನಂದೂ ಒಂದದ. ಫ್ರೇಮ್ ಡಬಲ್ ಮಾಡಿದ್ದು ನಂಗ ಪೂರ್ತಿ ಸೇರಿಲ್ಲ. ಹಳೇದ್ರಾಗ ಆ ಗೊಂಬಿಗೋಳು ಝಟಕಾ ಹೊಡ್ಕೋತ ನಡೀತಿದ್ವು, ತೊಗಲು ಗೊಂಬಿ ಆಟದಾಗ ಗೊಂಬಿ ಕೈ ಎತ್ತಿದ್ರ ಹ್ಯಾಂಗ ಟಪ್ ಅಂತ ಎತ್ತತಾವ ಹಂಗ. ಸಿಟ್ಟು ಬಂದಾಗ ರಾಟ್‌ವೈಲರ್ ಕೆಂಪಾಗಿ ಕಾಲು ಬಡಿಯೋದು ಆ ಝಟಕಾದಾಗೇ ಛಲೋ ಕಾಣ್ತಿತ್ತು, ಈಗ ಎಲ್ಲಾ ಎಣ್ಣಿ ಹಚ್ಚಿದಂಗ ನುಣ್ಣಗ. ಇದನ್ನ ಸಿದ್ಧ ಮಾಡ್ಬೇಕಂತ ಹಳಿ ಆಟದ ವಿಡಿಯೋ ಒಂದು ಕಡಿ, ಹೊಸಾದು ಒಂದು ಕಡಿ ಹಚ್ಚಿ ನಮ್ಮ ತಂಗಿ ಮಗನ್ನ ಕೂಡಿಸಿದೆ, ಹತ್ತು ವರ್ಷದವ, ಯಾವುದಕ್ಕ ಜಾಸ್ತಿ ನಗ್ತಾನ ನೋಡೋಣ ಅಂತ. ಎರಡಕ್ಕೂ ಅಷ್ಟೇ ನಕ್ಕ ಬಾಡ್ಕೋ. ಹೋಗ್ಲಿ ಬಿಡ್ರಿ, ನಂದೇ ವಯಸ್ಸಿನ ದೋಷ ಇರ್ಬೇಕು.

ಆ ಪೋರನ ಜೋಡಿ ಆಡೋವಾಗ ಇನ್ನೊಂದು ತಿಳೀತು. ಈ ಆಟದಾಗ ಮಾತೇ ಇಲ್ಲ. ರಾಟ್‌ವೈಲರ್ ಗುರ್ ಅಂತಾನ, ಹೊಯ್ಕೋತಾನ, ಟಿವಿ ಮಂದಿ ಚಪ್ಪಾಳಿ ಬಡದು ನಗ್ತಾರ, ಮುಗೀತು. ಆಗ ನಮ್ಮ ಖೋಲಿನ್ಯಾಗ ಇಂಗ್ಲಿಷ್ ಬರ್ತಿದ್ದವ ಒಬ್ಬನೂ ಇರ್ಲಿಲ್ಲ, ಬಾಕಿ ಗೇಮಿನ್ಯಾಗೆಲ್ಲಾ ಏನು ಹೇಳ್ತಾರ ತಿಳೀದೇ ಸುಮ್ನ ಬಟನ್ ಒತ್ತತಿದ್ವಿ, ಇದೊಂದು ನಮಗ ಪೂರ್ತಿ ತಿಳೀತಿತ್ತು. ನಮ್ಮ ಆಯಿ ಸೈತ ಬಾಗಲದಾಗ ಕುಂತು ಜ್ವಾಳಾ ಹಸನ ಮಾಡ್ಕೋತ ನೋಡಿ, ಅಯ್ಯ ಪಾಪ ಬಿತ್ತದು, ಅಂತಿದ್ಳು. ಆಕಿ ಯಾವಾಗ್ಲೂ ರಾಟ್‌ವೈಲರ್ ಕಡಿನೇ.

ಆಯಿ ಮಾತು ಈಗ ನನಗೂ ಜರಾ ಹತ್ತೇದ. ಎರಡನೇ ಆಟದಾಗ ಈ ಮನಶಾ ಅವ್ವನ್ನ ಕರ್ಕೊಂಡು ಪ್ರವಾಸ ಹೊಂಟಿರ್ತಾನ, ಹಡಗು, ಚೀನಾ, ಇಂಡಿಯಾ, ಮೆಕ್ಸಿಕೋ ಅಂತ, ವುಡಿ ಅಲ್ಲೂ ಬೆನ್ನು ಬಿಡಂಗಿಲ್ಲ. ಓಲ್ಗಾ ಅನ್ನೋ ಹೆಣ್ಮಗಳ ಮುಂದ ಇವ ಎದಿ ಉಬ್ಬಿಸಿ ಮೀಸಿ ತಿರುವ್ಲಾಕ ಹೋಗೋದು, ಅಷ್ಟ್ರಾಗ ಮಾನ ಹೋಗೋದು. ಅವ್ವನ ಕಣ್ಣೂ ತಪ್ಪಿಸ್ಬೇಕು ಅನ್ನೋದು ಇದ್ರಾಗ ಜಾಸ್ತಿ, ಎರಡು ಗಡಿಯಾರ ಒಮ್ಮಿಗಿ ನೋಡಿದಂಗ ಆಗ್ತದ, ಅಷ್ಟರ ಮಟ್ಟಿಗಿ ಛಲೋ. ಆದ್ರ ಮನಿ ಇಲ್ಲ. ಮೊದಲನೇದ್ರಾಗ ಅದೇ ಮನಿ, ಅದೇ ಮೆಟ್ಲು, ಆಡ್ಕೋತ ಆಡ್ಕೋತ ಒಂದೊಂದು ಖೋಲಿನೂ ನಮ್ಮ ಮನಿನೇ ಆಗಿಬಿಡ್ತಿತ್ತು. ಎರಡನೇದ್ರಾಗ ಊರೂರು ತಿರುಗಿ ಆ ಸಲಗಿ ಹೋಗಿಬಿಟ್ಟದ. ಇಂಡಿಯಾ ಬಂದಾಗ ಆಗ ನಾವು ಖೋಲಿ ಹಾರಿ ಹೋಗೋಹಂಗ ಕುಣಿದಿದ್ವಿ, ಈಗ ನೋಡಿದ್ರ ಅದು ವಿದೇಶದವ್ರು ಪೋಸ್ಟ್‌ಕಾರ್ಡ್ ಮ್ಯಾಗ ನೋಡಿದ ಇಂಡಿಯಾ. ಅದನ್ನೂ ಹಂಗೇ ಸುಣ್ಣಾ ಬಳದು ಇಟ್ಟಾರ.

ಅಳಿಯ ಕೇಳಿದ, ಮಾಮಾ ಈ ಅಂಕಲ್ ಏನು ತಪ್ಪು ಮಾಡ್ಯಾನ ಅಂತ. ಕೆಟ್ಟ ನೆರಿಯವ ಅಂತಪ್ಪಾ ಅಂದೆ. ಎಲ್ಲಿ ಕೆಟ್ಟ, ಅಡಿಗಿ ಮಾಡ್ತಾನ, ಟಿವಿ ನೋಡ್ತಾನ, ಅವ್ರ ಅವ್ವನ ಫೋಟೋ ಇಟ್ಟಾನ, ಅಂದ. ನಂಗ ಉತ್ತರ ಬರ್ಲಿಲ್ಲ, ಯಾಕಂದ್ರ ಈಗ ನನ್ನ ಮನಿ ಅಂಗಳಕ್ಕೂ ಬಾಲ್ ಬೀಳ್ತಾವ, ನಾನೂ ಕೊಡಂಗಿಲ್ಲ. ಅಷ್ಟು ಕೇಳಿದ ಪೋರ ಮರುದಿನ ನಮ್ಮನಿ ಸಕ್ರಿ ಡಬ್ಬ್ಯಾಗ ಉಪ್ಪು ಕಲಸಿ ಕಪಾಟಿನ ಹಿಂದ ನಿಂತಿದ್ದ, ನಾ ಮುಂಜಾನಿ ಆರೂವರಿಗಿ ಚಾ ಇಡ್ತೀನಿ ಅನ್ನೋದು ಅವಂಗ ಬರೋಬ್ಬರಿ ಗೊತ್ತಿತ್ತು. ಎಣಿಸ್ಯಾನ!

ಬೀದರದ ದೋಸ್ತಗ ನನ್ನ ಉತ್ತರ ಇಷ್ಟೇ, ಸೇಲಿನ್ಯಾಗ ಸಿಕ್ರ ತೊಗೋ, ಫುಲ್ ರೇಟಿಗಿ ತೊಗೋಬ್ಯಾಡ, ಮೊದಲನೇ ಆಟ ಪೂರ್ತಿ ಆಡು, ಎರಡನೇದು ಮನಸು ಬಂದ್ರ ಆಡು. ಬೆಂಗಳೂರಿನವಂಗ ಏನೂ ಹೇಳಂಗಿಲ್ಲ, ಅವ ಟ್ರಾಫಿಕ್‌ನ್ಯಾಗ ಎರಡು ತಾಸು ಕಾಯ್ತಾನ, ಪಲಂಗದ ಕೆಳಗ ಎರಡು ನಿಮಿಷ ಆಗಂಗಿಲ್ಲ.

ಈಗ ಆಡಿದವ್ರು ಯಾರಾದ್ರೂ ಇದ್ರ ಒಂದು ಸಹಾಯ ಬೇಕ್ರಿ. ಚೀನಾದ ಒಂದು ಲೆವೆಲಿನ್ಯಾಗ ನಾವು ಮಾಮಾ ಅಳಿಯ ಮೂರು ದಿನದಿಂದ ಸಿಕ್ಕಾಕೊಂಡೀವಿ, ಪ್ರತಿ ಸಲ ಅವ್ವ ಹಿಡೀತಾಳ. ಏನು ಮಾಡ್ಬೇಕು ಅಂತ ಹೇಳಬ್ಯಾಡ್ರಿ, ಪೋರಗ ಸಿಟ್ಟು ಬರ್ತದ. ಅವ್ವ ಯಾವಾಗ ಆ ಕಡಿ ಮುಖಾ ತಿರುಗಿಸ್ತಾಳ ಅನ್ನೋದಷ್ಟು ಇನ್‌ಬಾಕ್ಸ್ ಮಾಡ್ರಿ.