ಕೇಳಿದ ಮೇಲೆ ಕೇಳಿ

ಸ್ಟುಟ್‌ಗಾರ್ಟ್‌ಗೆ ಬಂದ ಎರಡನೇ ವರ್ಷ ನಾನೊಂದು ಜೋಡಿ ಸ್ಪೀಕರ್ ಕೊಂಡೆ. ಚೀಟಿಯಲ್ಲಿ 1,400 ಯೂರೋ ಅಂತಿತ್ತು. ಅಷ್ಟನ್ನೂ ಕೊಟ್ಟು ಬಂದೆ. ಇಲ್ಲಿ ಚೌಕಾಸಿ ಮಾಡಬಾರದು, ಅಂಗಡಿಯವರಿಗೆ ಬೇಜಾರಾಗುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ತಿಂಗಳ ಮೇಲೆ ಆಫೀಸಿನ ಜರ್ಮನ್ ಗೆಳೆಯ ಅದೇ ಮಾಡೆಲ್ ಅನ್ನು 1,230ಕ್ಕೆ ತಂದ. "ನೀನು ಕೇಳಲೇ ಇಲ್ವಾ?" ಅಂದ. ಆ ಮಾತು ಚುಚ್ಚಿತು. ರೇಟು ಕೇಳುವುದನ್ನು ನಾನು ಚಿಕ್ಕಂದಿನಲ್ಲೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಪ್ಪನ ಪಕ್ಕ ನಿಂತು ಕಲಿತವನು.

ಅಪ್ಪ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ "ಕೊನೇ ರೇಟ್ ಹೇಳಿ" ಅನ್ನುತ್ತಿದ್ದರು. ಅವರು ಒಂದು ಹೇಳಿದರೆ ಇವರೊಂದು. ಎರಡು ಸಲ ಹೊರಟ ಹಾಗೆ ಮಾಡೋದು, ಅವರು ಕೂಗಿ ಕರೆಯೋದು. ನಾವು ಮೊದಲ ಸಲ ಸ್ಪೀಕರ್ ತಂದಾಗ ಹೀಗೇ ಮುಕ್ಕಾಲು ಗಂಟೆ ಮಾತಾಡಿ ಚೆನ್ನಾಗಿಯೇ ರೇಟು ಇಳಿಸಿದ್ದೆವು. ಆದರೆ ಸ್ಪೀಕರ್ ಹಾಡಿದ್ದನ್ನು ಎರಡು ನಿಮಿಷವೂ ಕೇಳಿರಲಿಲ್ಲ. ಮನೆಗೆ ತಂದು ಮೂಲೆಯಲ್ಲಿಟ್ಟರೆ ಬರೀ ಗುಂಯ್ ಅನ್ನುವ ಬೇಸ್. ಹಾಡುವವರ ದನಿ ಎಲ್ಲೋ ಒಳಗೆ ಹೂತು ಹೋಗಿತ್ತು. ವಾಪಸ್ ತಗೊಳ್ಳಲ್ಲ ಅಂದರು. ಅಮ್ಮ ಹತ್ತು ವರ್ಷ ಅದರಲ್ಲೇ ಹಾಡು ಕೇಳಿದರು.

ಜರ್ಮನ್ನರು ರೇಟು ಕೇಳಲು ಯಾಕೆ ಹಿಂಜರಿಯುತ್ತಾರೆ ಅನ್ನೋದು ನನಗೆ ಅರ್ಥವಾಗಿದ್ದು ತಡವಾಗಿ. ಇಲ್ಲಿ ರಿಯಾಯಿತಿಗೆ ಕಾನೂನೇ ಬೇಲಿ ಹಾಕಿತ್ತು. 1933ರ ರಬಾಟ್‌ಗೆಜೆಟ್ಸ್ ಅನ್ನುವ ಕಾಯ್ದೆಯ ಪ್ರಕಾರ, ನಗದು ಕೊಟ್ಟರೂ ಮಾಮೂಲಿ ಗಿರಾಕಿಗೆ ನೂರಕ್ಕೆ 3ಕ್ಕಿಂತ ಜಾಸ್ತಿ ಬಿಡುವಂತಿರಲಿಲ್ಲ. ಅದು ಹೋಗಿದ್ದು 2001ರ ಜುಲೈನಲ್ಲಿ. ಅಂದರೆ ಇವತ್ತು ಐವತ್ತು ದಾಟಿದವರೆಲ್ಲ ರೇಟು ಕೇಳದೇ ಬೆಳೆದವರು.

ಈಗ ಹಾಗಿಲ್ಲ. ಚೀಟಿಯ ಮೇಲಿರುವ ಯು.ವಿ.ಪಿ. ಅನ್ನೋದು ಕಂಪನಿಯ ಸಲಹೆ ಅಷ್ಟೇ. ನಮ್ಮ ಎಂ.ಆರ್.ಪಿ. ಹಾಗೆ ಇದಕ್ಕಿಂತ ಮೇಲೆ ಮಾರಬಾರದು ಅನ್ನುವ ಗೆರೆಯೂ ಅಲ್ಲ. ಎಷ್ಟಕ್ಕೆ ಮಾರಬೇಕು ಅನ್ನೋದು ಅಂಗಡಿಯವರಿಗೆ ಬಿಟ್ಟದ್ದು. ಇಳಿಸಬೇಡಿ ಅಂತ ಅಂಗಡಿಗಳ ಮೇಲೆ ಒತ್ತಡ ಹಾಕಿದ್ದಕ್ಕೆ 2018ರಲ್ಲಿ ಯುರೋಪಿಯನ್ ಕಮಿಷನ್ ಏಸುಸ್, ಫಿಲಿಪ್ಸ್, ಪಯೊನಿಯರ್ ಮತ್ತು ಡೆನಾನ್-ಮರಾಂಟ್ಜ್‌ಗೆ ಒಟ್ಟು 11.1 ಕೋಟಿ ಯೂರೋಗೂ ಮೀರಿ ದಂಡ ಹಾಕಿತು. ಹಾಗಾಗಿ ಕೇಳೋದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಯಾವಾಗ ಕೇಳಬೇಕು ಅನ್ನೋದನ್ನು ಮಾತ್ರ ಇಲ್ಲಿಯವರಿಂದ ಕಲಿಯಬೇಕು. ಹೋದ ವರ್ಷ ಹಳೇ ಜೋಡಿ ಬದಲಿಸಲು ಹೋದಾಗ ಮೊದಲೇ ಫೋನ್ ಮಾಡಿ ಸಮಯ ತಗೊಂಡೆ. ಗಂಗೂಬಾಯಿ ಹಾನಗಲ್ಲರ ಸಿ.ಡಿ. ಜೊತೆಗಿತ್ತು. ಅಂಗಡಿಯಾತನಿಗೆ ನಮ್ಮ ಸಂಗೀತ ಗೊತ್ತಿಲ್ಲ. ಆದರೂ ಆ ಗಡಸು ದನಿ ಶುರುವಾದ ಕೂಡಲೇ ಎದ್ದು, ಎರಡೂ ಸ್ಪೀಕರ್‌ಗಳನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದ. ಟೇಪ್ ಹಿಡಿದು ನನ್ನ ಕುರ್ಚಿಗೆ ಎಷ್ಟು ದೂರ ಅಂತ ಅಳೆದ. ಮತ್ತೆ ಹಾಕಿದಾಗ ದನಿಯ ಹಿಂದೆ ತಂಬೂರಿ ಬೇರೆಯಾಗಿ, ಒಂದೊಂದೇ ತಂತಿಯಾಗಿ ಕೇಳಿಸಿತು. ಎಸ್.ಪಿ. ರೋಡಿನಲ್ಲಿ ನಾವು ಕಳೆದುಕೊಂಡಿದ್ದು ಇದನ್ನೇ.

ಎರಡು ಗಂಟೆ ಕೂತ ಮೇಲೆ ಕೇಳಿದೆ, "ವಾಸ್ ಕೊನ್ನೆನ್ ವಿಯರ್ ಆಮ್ ಪ್ರೈಸ್ ನೋಖ್ ಮಾಖೆನ್?" ಬೆಲೆಯಲ್ಲಿ ಇನ್ನೇನಾದರೂ ಮಾಡೋಕ್ಕಾಗುತ್ತಾ ಅಂತ. ಒಂದೇ ಸಲ ಕೇಳಿದೆ, ಕೇಳಿ ಸುಮ್ನಿದ್ದೆ. ಆತ ಕ್ಯಾಲ್ಕುಲೇಟರ್ ಒತ್ತಿ, ಚೀಟಿಯ ಹಿಂದೆ ಒಂದು ಸಂಖ್ಯೆ ಬರೆದು ನನ್ನ ಕಡೆ ತಳ್ಳಿದ. 2,400 ಇದ್ದದ್ದು 2,150 ಆಗಿತ್ತು. ಸ್ಟ್ಯಾಂಡ್‌ಗೆ ದುಡ್ಡು ಬೇಡ ಅಂದ. ಹೊಸ ಮಾಡೆಲ್ ಬರುವುದಿದೆ, ಬಿಳಿ ಬಣ್ಣದ ಜೋಡಿಯಾದರೆ ಇನ್ನೂ ಕಡಿಮೆ ಮಾಡ್ತೀನಿ ಅಂತಲೂ ತಾನಾಗಿ ಹೇಳಿದ. ಟಿವಿಗಿಂತ ಸ್ಪೀಕರ್‌ನಲ್ಲಿ ಅಂಗಡಿಯವರಿಗೆ ಉಳಿಯೋದು ಜಾಸ್ತಿ, ಅದಕ್ಕೇ ಬಿಡಲೂ ಜಾಗ ಇರುತ್ತೆ. ಡೆಮೋಗೆ ಇಟ್ಟ ಜೋಡಿ, ನಿಂತು ಹೋಗುವ ಮಾಡೆಲ್, ಯಾರೂ ಕೇಳದ ಬಣ್ಣ, ಇವುಗಳ ಬಗ್ಗೆ ಧೈರ್ಯವಾಗಿ ವಿಚಾರಿಸಿ.

ಒಂದು ಮಾತ್ರ ನನಗೆ ಸಹಿಸೋಕೆ ಆಗಲ್ಲ. ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು, ಆತ ಸ್ಪೀಕರ್ ಎತ್ತಿ ಇಳಿಸಿದ್ದನ್ನೆಲ್ಲ ನೋಡಿ, ಮನೆಗೆ ಬಂದು ಆನ್‌ಲೈನ್‌ನಲ್ಲಿ 60 ಯೂರೋ ಕಡಿಮೆಗೆ ಆರ್ಡರ್ ಮಾಡೋದು. ನಮ್ಮವರೂ ಮಾಡ್ತಾರೆ, ಇಲ್ಲಿಯವರೂ ಮಾಡ್ತಾರೆ. ಆನ್‌ಲೈನ್‌ನಲ್ಲೇ ತಗೊಳ್ಳುವುದಾದರೆ 14 ದಿನದೊಳಗೆ ವಾಪಸ್ ಕೊಡುವ ಹಕ್ಕು ಇದ್ದೇ ಇದೆ, ಮನೆಯಲ್ಲೇ ಕೇಳಿ ನೋಡಿ. ಅಂಗಡಿಯಾತನ ಸಮಯ ತಗೊಂಡಿದ್ದರೆ ಆ 60 ಯೂರೋ ಬಗ್ಗೆ ಅವನ ಹತ್ತಿರವೇ ಬಾಯಿ ಬಿಟ್ಟು ಹೇಳಿ. ಎಷ್ಟೋ ಸಲ ಅಷ್ಟನ್ನು ಅವನೇ ಬಿಡ್ತಾನೆ.

ಡಿಸೆಂಬರಿನಲ್ಲಿ ಊರಿಗೆ ಹೋಗ್ತಿದ್ದೇನೆ. ಅಮ್ಮನಿಗೆ ಒಂದು ಒಳ್ಳೆ ಜೋಡಿ ಕೊಡಿಸಬೇಕು. ಕೂತು ಕೇಳಲು ರೂಮ್ ಇರುವ ಅಂಗಡಿಗಳು ಬೆಂಗಳೂರಿನಲ್ಲೂ ಇವೆ, ಒಂದು ಕಡೆ ಸಮಯ ತಗೊಂಡಿದ್ದೇನೆ. ಅಮ್ಮ ಮಧ್ಯದ ಕುರ್ಚಿಯಲ್ಲಿ ಕೂತು ತನಗೆ ಬೇಕಾದ ಹಾಡು ಪೂರ್ತಿ ಕೇಳುವವರೆಗೂ ರೇಟಿನ ಮಾತೆತ್ತಬೇಡಿ ಅಂತ ಅಪ್ಪನಿಗೆ ಹೇಳಿದ್ದೇನೆ. ಒಪ್ಪಿದ್ದಾರೆ. ಆಮೇಲಿನ ಚೌಕಾಸಿ ಅವರದ್ದೇ.