ಓದುಗರನ್ನು ನಂಬಿದ ಪುಸ್ತಕಗಳು

ಒಂದು ಪುಸ್ತಕ ಹಿಡಿಸಿತಾ ಇಲ್ಲವಾ ಅಂತ ತೀರ್ಮಾನ ಮಾಡಲು ನನಗೆ ಈಗೀಗ ಒಂದೇ ಪ್ರಶ್ನೆ ಸಾಕಾಗುತ್ತದೆ. ಇದನ್ನು ಬರೆದವರು ಓದುಗರನ್ನು ನಂಬಿದ್ದಾರಾ? ಅಳುವ ಜಾಗದಲ್ಲಿ ‘ಇಲ್ಲಿ ಅಳಬೇಕು’ ಅಂತ ಹೇಳಿಕೊಡುತ್ತಾರಾ, ಇಲ್ಲಾ ನಡೆದದ್ದನ್ನು ಮುಂದಿಟ್ಟು ಸುಮ್ಮನಾಗುತ್ತಾರಾ? ಆತ್ಮಕತೆ, ಕಾದಂಬರಿ, ಸಣ್ಣಕತೆ, ವಿಜ್ಞಾನ, ಪತ್ತೇದಾರಿ, ಯಾವುದೇ ಇರಲಿ. ಈ ಕೆಲವು ತಿಂಗಳಲ್ಲಿ ಓದಿದ, ಕೆಲವು ಮತ್ತೆ ಓದಿದ ಪುಸ್ತಕಗಳನ್ನೆಲ್ಲ ಈ ಪ್ರಶ್ನೆಯ ಎದುರು ನಿಲ್ಲಿಸಿ ನೋಡಿದೆ. ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಸಿದ್ಧಲಿಂಗಯ್ಯನವರ ‘ಊರು ಕೇರಿ’. ಇದು ಶುರುವಾಗುವ ರೀತಿಯನ್ನು ಒಮ್ಮೆ ನೋಡಿ. ಮಾಗಡಿ ಕಡೆಯ ಮಂಚನಬೆಲೆ. ಊರಿನ ಐನೋರ ಹೊಲ. ಎತ್ತುಗಳಿರಬೇಕಾದ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದಿನಿಂದ ಇನ್ನೊಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ಚಿಕ್ಕ ಹುಡುಗ ನಿಂತು ನೋಡುತ್ತಾನೆ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಅಷ್ಟೇ. ಬೈಗುಳ ಇಲ್ಲ, ಭಾಷಣ ಇಲ್ಲ. ‘ನೋಡಿ ಎಂಥ ಅನ್ಯಾಯ’ ಅನ್ನುವ ಒಂದು ಮಾತು ಕೂಡ ಬೇಕಾಗುವುದಿಲ್ಲ. ಹುಡುಗನ ಕಣ್ಣಿಗೆ ಎಷ್ಟು ಕಂಡಿತೋ ಅಷ್ಟೇ ನಮಗೂ ಕಾಣುತ್ತದೆ. ಉಳಿದದ್ದು ನಮ್ಮ ಪಾಲಿಗೆ ಬಿಟ್ಟದ್ದು.

ಇದನ್ನು ಬರೆದವರು 1975ರಲ್ಲಿ ‘ಹೊಲೆಮಾದಿಗರ ಹಾಡು’ ತಂದ ಕವಿ ಅನ್ನುವುದನ್ನು ಮರೆಯಬಾರದು. ಸಿಟ್ಟನ್ನು ಹೇಗೆ ಕೂಗಬೇಕು ಅಂತ ಕನ್ನಡಕ್ಕೆ ಕಲಿಸಿದವರು ಅವರು. ಅಂಥವರು ತಮ್ಮ ಸ್ವಂತ ಕತೆ ಹೇಳುವಾಗ ದನಿ ಏರಿಸುವುದಿಲ್ಲ, ನಗಿಸುತ್ತಾರೆ. ಕೇರಿಯ ಜನ, ಹಾಸ್ಟೆಲ್ಲಿನ ಹುಡುಗರು, ದೆವ್ವ ದೇವರು ಮೈಮೇಲೆ ಬರುವವರು, ಎಲ್ಲರ ಬಗ್ಗೆಯೂ ಪ್ರೀತಿಯ ನಗು. ಕೆಲವರು ಈ ನಗುವನ್ನೇ ದೂರುತ್ತಾರೆ, ನೋವು ತೆಳುವಾಯಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೇರಿಯವರು ಬರೀ ನರಳುವವರಲ್ಲ, ನಗುವವರು, ಕೀಟಲೆ ಮಾಡುವವರು, ಬುದ್ಧಿವಂತರು ಅಂತ ತೋರಿಸಿದ್ದು ಆ ನಗುವೇ. ನೋವನ್ನು ಮಾತ್ರ ತೋರಿಸಿದ್ದರೆ ನಾವು ಅಯ್ಯೋ ಪಾಪ ಅಂದು ಪುಸ್ತಕ ಮುಚ್ಚಿಡುತ್ತಿದ್ದೆವು. ನಗುತ್ತಾ ಓದಿದ್ದರಿಂದ ಅವರ ಜೊತೆ ಕೂತಂತಾಯಿತು. ಮರುಕಕ್ಕೂ ಸ್ನೇಹಕ್ಕೂ ಇರುವ ವ್ಯತ್ಯಾಸ ಇದು.

ಇನ್ನೊಂದು ಆತ್ಮಕತೆ, ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’. ಇದರ ಆರಂಭವನ್ನೂ ಮರೆಯಲು ಆಗುವುದಿಲ್ಲ. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ತಾಯಿ ಸಹಜವಾಗಿ ಒಂದು ಮಾತು ಹೇಳುತ್ತಾರೆ. ಈ ಮಗು ಬೇಡ ಅಂತ ಪುಣೆಯಲ್ಲಿ ಒಬ್ಬ ಡಾಕ್ಟರ್ ಹತ್ತಿರ ಹೋಗಿದ್ದೆವು, ಕಾದೆವು, ಅವರು ಬರಲಿಲ್ಲ, ವಾಪಸ್ ಬಂದೆವು ಅಂತ. ಆ ಡಾಕ್ಟರ್ ಮಧುಮಾಲತಿ ಗುಣೆ. ಅವತ್ತು ಬಾರದೇ ಹೋದ ಅವರಿಗೇ ಪುಸ್ತಕ ಅರ್ಪಣೆ. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ನರ್ಸ್ ಆಗಿ ದುಡಿದು, ಮತ್ತೆ ಮದುವೆಯಾದ ಆ ತಾಯಿಯ ಬಗ್ಗೆ ಬರುವ ಪುಟಗಳು ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟ. ಮಗ ಅಮ್ಮನನ್ನು ಹೊಗಳುವುದಿಲ್ಲ, ಆಕೆಯ ಧೈರ್ಯ ತಾನಾಗಿ ಕಾಣುವ ಹಾಗೆ ಬರೆಯುತ್ತಾರೆ. ಶಿರಸಿ, ಧಾರವಾಡದ ಭಾಗಗಳೂ ಹಾಗೇ ನಿಧಾನವಾಗಿ, ಕಣ್ಣಿಗೆ ಕಟ್ಟುವಂತಿವೆ. ಸಿನಿಮಾದ ವರ್ಷಗಳಿಗೆ ಬಂದಾಗ ಮಾತ್ರ ಹೆಸರುಗಳು ಜಾಸ್ತಿ, ಮನುಷ್ಯರು ಕಡಿಮೆ ಅನ್ನಿಸಿತು.

ಈಗ ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ, ಅವರ ಕತೆಗಳಿಗೆ ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಪುಸ್ತಕ. ಸಣ್ಣಕತೆಗಳ ಸಂಕಲನಕ್ಕೆ ಅದು ಸಿಕ್ಕಿದ್ದೂ ಅದೇ ಮೊದಲು. ಆಮೇಲೆ ಎಲ್ಲ ಕಡೆ ಅವರ ಬಗ್ಗೆ ಮಾತೋ ಮಾತು. ಆದರೆ ಮಾತೆಲ್ಲ ಪ್ರಶಸ್ತಿಯ ಸುತ್ತ, ಇಲ್ಲಾ ‘ಮುಸ್ಲಿಂ ಹೆಣ್ಣುಮಕ್ಕಳ ಸಮಸ್ಯೆ’ ಅನ್ನುವ ಹಣೆಪಟ್ಟಿಯ ಸುತ್ತ. ಕತೆಗಳನ್ನು ಕತೆಗಳಾಗಿ ಓದಿದವರ ಮಾತು ಕಿವಿಗೆ ಬಿದ್ದದ್ದು ಕಡಿಮೆ. ಅದಕ್ಕೇ ಮೂಲ ಕನ್ನಡದಲ್ಲಿ ಸಿಕ್ಕಷ್ಟನ್ನು ಕೂತು ಓದಿದೆ.

‘ಎದೆಯ ಹಣತೆ’ ಕತೆಯನ್ನೇ ತೆಗೆದುಕೊಳ್ಳಿ. ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರಿಗೆ ಅವಳ ದುಃಖಕ್ಕಿಂತ ಮನೆಯ ಮರ್ಯಾದೆ ದೊಡ್ಡದು. ಅಣ್ಣಂದಿರು ಅವಳನ್ನು ಮತ್ತೆ ಗಂಡನ ಮನೆಗೇ ಕರೆದುಕೊಂಡು ಹೋಗಿ ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಆಗ ದೊಡ್ಡ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿ ಬರುತ್ತಾಳೆ. ಅಪ್ಪ, ಅಣ್ಣ, ಗಂಡ, ಇಷ್ಟು ದೊಡ್ಡವರಿದ್ದೂ ಅವಳನ್ನು ಉಳಿಸಲು ಬರುವುದು ಮಗಳು. ಈ ಲೆಕ್ಕವನ್ನು ಲೇಖಕಿ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಓದಿ ಮುಗಿಸಿದ ಮೇಲೆ ನಮಗೇ ಹೊಳೆಯುತ್ತದೆ. ಆ ಹುಡುಗಿ ನಾಳೆ ಏನಾಗುತ್ತಾಳೆ ಅನ್ನುವ ಚಿಂತೆ ನನಗೆ ಮೆಹರುನ್ ಬಗ್ಗೆ ಆದದ್ದಕ್ಕಿಂತ ಜಾಸ್ತಿ ಕಾಡಿತು.

‘ಕೆಂಪು ಲುಂಗಿ’ಯಲ್ಲಿ ಇನ್ನೊಂದು ಬಗೆಯ ಜಾಣ್ಮೆ ಇದೆ. ಬೇಸಿಗೆ ರಜೆ, ಮನೆ ತುಂಬಾ ಮಕ್ಕಳು, ಗಲಾಟೆ. ಮನೆಯೊಡತಿ ಗಂಡುಮಕ್ಕಳಿಗೆ ಖತ್ನಾ ಮಾಡಿಸಿಬಿಡೋಣ ಅಂತ ತೀರ್ಮಾನಿಸುತ್ತಾಳೆ. ಬಡವರ ಮಕ್ಕಳಿಗೆ ಸಾಮೂಹಿಕವಾಗಿ, ತನ್ನ ಮನೆಯ ಮಕ್ಕಳಿಗೆ ಡಾಕ್ಟರ್ ಕೈಯಲ್ಲಿ. ಕೊನೆಗೆ ಬೂದಿ ಹಚ್ಚಿಸಿಕೊಂಡ ಬಡ ಹುಡುಗನ ಗಾಯ ಬೇಗ ಮಾಯುತ್ತದೆ, ಔಷಧಿ ಮಾತ್ರೆ ಎಲ್ಲ ಇದ್ದವನದು ಕೀವಾಗುತ್ತದೆ. ಬಡತನದ ಬಗ್ಗೆ ಇಷ್ಟು ಲವಲವಿಕೆಯಿಂದ ಬರೆಯುವುದು ಸುಲಭದ ಮಾತಲ್ಲ.

ಎಲ್ಲ ಕತೆಗಳೂ ಹೀಗೇ ಇವೆ ಅಂತ ಹೇಳಲಾರೆ. ಕೆಲವು ಕಡೆ ಬಾನು ಅವರೊಳಗಿನ ವಕೀಲರು ಕತೆಗಾರ್ತಿಯನ್ನು ಪಕ್ಕಕ್ಕೆ ಸರಿಸಿ ತಾವೇ ವಾದ ಮಂಡಿಸುತ್ತಾರೆ. ಗಂಡಸರು ಒಂದೇ ಅಚ್ಚಿನಲ್ಲಿ ಬಂದುಬಿಡುತ್ತಾರೆ, ನಾಲ್ಕು ಮಾತಿಗೇ ಅವರು ಎಂಥವರು ಅಂತ ಗೊತ್ತಾಗಿ ಹೋಗುತ್ತದೆ. ಅಲ್ಲಿ ನನಗೆ ಓದುವ ಕೆಲಸ ಕಡಿಮೆಯಾಯಿತು.

ಹಾಗಾದರೆ ಬಾನು ಅವರದೇ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆಗೆ ಏನು ಹೇಳಲಿ? ಅದರಲ್ಲಿ ಎಲ್ಲವೂ ಬಾಯಿಬಿಟ್ಟೇ ಹೇಳಿದ್ದು. ಮುಚ್ಚುಮರೆ ಅನ್ನುವುದೇ ಇಲ್ಲ. ನನ್ನ ಪ್ರಶ್ನೆಯ ಪ್ರಕಾರ ಅದು ಸೋಲಬೇಕಿತ್ತು. ಸೋಲುವುದಿಲ್ಲ. ಎರಡು ಸಲ ಓದಿದ ಮೇಲೆ ಕಾರಣ ಹೊಳೆಯಿತು. ಕತೆ ಹೇಳುವ ಹೆಂಗಸು ನಮಗೆ ವಿವರಿಸುತ್ತಿಲ್ಲ. ಅವಳು ದೇವರ ಜೊತೆ ಜಗಳಕ್ಕೆ ಬಿದ್ದಿದ್ದಾಳೆ. ನಾವು ಅಲ್ಲಿ ಸುಮ್ನೆ ಕೇಳಿಸಿಕೊಳ್ಳುವವರು. ಎದುರಿಗಿರುವವನು ದೇವರು ಅಂದ ಮೇಲೆ ಎಷ್ಟು ಗಟ್ಟಿಯಾಗಿ ಕೂಗಿದರೂ ಕಡಿಮೆಯೇ ಅಲ್ವಾ?

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಯಾರೂ ಕೂಗುವುದಿಲ್ಲ, ಅದೇ ಭಯ. ಒಂದು ಕುಟುಂಬ, ಮಸಾಲೆ ವ್ಯಾಪಾರದಿಂದ ದಿಢೀರ್ ಬಂದ ದುಡ್ಡು, ದುಡಿಯುವ ಚಿಕ್ಕಪ್ಪನನ್ನು ಕಾಪಾಡಿಕೊಳ್ಳಲು ಒಂದಾಗುವ ಮನೆಯವರು. ಒಂದು ದಿನ ಹೆಂಗಸೊಬ್ಬಳು ಚಿಕ್ಕಪ್ಪನಿಗೆ ಅಂತ ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಓಡಿಸುತ್ತಾರೆ. ಕತೆ ಹೇಳುವವನು ನೋಡುತ್ತಾ ನಿಲ್ಲುತ್ತಾನೆ, ಏನೂ ಮಾಡುವುದಿಲ್ಲ. ಹಳೆಯ ಮನೆಯಲ್ಲಿ ಇರುವೆಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಭಾಗ ನೆನಪಿಟ್ಟುಕೊಂಡು ಇದನ್ನು ಓದಿ, ಮೈ ಜುಮ್ ಅನ್ನುತ್ತದೆ. ಅದಕ್ಕೂ ಇದಕ್ಕೂ ಇರುವ ಸಂಬಂಧವನ್ನು ಲೇಖಕರು ಒಂದು ಸಾಲಿನಲ್ಲೂ ತೋರಿಸಿಲ್ಲ. ಕೊನೆ ಏನಾಯಿತು ಅಂತ ಇಲ್ಲಿ ಹೇಳುವುದಿಲ್ಲ, ಓದದವರಿಗೆ ಮೋಸವಾಗುತ್ತದೆ. ಓದಿದವರಲ್ಲೂ ಒಬ್ಬೊಬ್ಬರು ಒಂದೊಂದು ಕೊನೆ ಹೇಳುತ್ತಾರೆ.

ಐತಿಹಾಸಿಕ ಕಾದಂಬರಿಗಳಲ್ಲಿ ಎರಡನ್ನು ಒಟ್ಟಿಗೆ ಓದಿದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಮತ್ತು ವಸುಧೇಂದ್ರರ ‘ತೇಜೋ ತುಂಗಭದ್ರಾ’. ಚಿತ್ರದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತು ಅಂತ ಶಾಲೆಯ ಮಕ್ಕಳಿಗೂ ಗೊತ್ತು. ಹೆಸರಲ್ಲೇ ಕೊನೆ ಇದೆ. ಆದರೂ ಮದಕರಿ ನಾಯಕ ಗೆದ್ದುಬಿಡಲಿ ಅಂತ ಮನಸ್ಸು ಹಾರೈಸುತ್ತಲೇ ಇರುತ್ತದೆ. ತ.ರಾ.ಸು. ದುರ್ಗವನ್ನು ಮನಸಾರೆ ಪ್ರೀತಿಸಿ ಬರೆದವರು, ಅದನ್ನು ಮುಚ್ಚಿಡುವುದಿಲ್ಲ. ಆ ಪ್ರೀತಿಯೇ ಪುಸ್ತಕದ ಬಲ, ಕೆಲವು ಕಡೆ ಮಿತಿಯೂ ಹೌದು.

‘ತೇಜೋ ತುಂಗಭದ್ರಾ’ ಯಾವ ಊರಿನ ಪಕ್ಷವನ್ನೂ ವಹಿಸುವುದಿಲ್ಲ. ಒಂದು ಕಡೆ ತೇಜೋ ನದಿಯ ದಡದ ಲಿಸ್ಬನ್, ಇನ್ನೊಂದು ಕಡೆ ವಿಜಯನಗರ, ನಡುವೆ ಗೋವಾ. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಹಾಕಿತು. ಪೋರ್ಚುಗಲ್‌ಗೆ ಓಡಿ ಬಂದವರನ್ನು ಅಲ್ಲಿ ಬಲವಂತವಾಗಿ ಮತಾಂತರ ಮಾಡಿದರು. ಆ ಕಾಲದ ಲಿಸ್ಬನ್‌ನಲ್ಲಿ ಗೇಬ್ರಿಯಲ್ ಅನ್ನುವ ಹುಡುಗ ಬೆಲ್ಲಾ ಅನ್ನುವ ಯಹೂದಿ ಹುಡುಗಿಯನ್ನು ಪ್ರೀತಿಸಿ, ದುಡ್ಡು ಸಂಪಾದಿಸಲು ಇಂಡಿಯಾದ ಹಡಗು ಹತ್ತುತ್ತಾನೆ. ಇತ್ತ ಹಂಪಮ್ಮ, ಕೇಶವ. ಧರ್ಮದ ಹೆಸರಲ್ಲಿ ಅಲ್ಲಿ ಮನುಷ್ಯರನ್ನು ಸುಡುತ್ತಾರೆ, ಇಲ್ಲಿ ಸಂಪ್ರದಾಯದ ಹೆಸರಲ್ಲಿ ಹೆಂಗಸರನ್ನು ಚಿತೆಗೆ ಕಳಿಸುತ್ತಾರೆ. ವಸುಧೇಂದ್ರ ಎರಡನ್ನೂ ಒಂದೇ ಕಣ್ಣಿನಿಂದ ನೋಡುತ್ತಾರೆ. ಇವತ್ತಿನ ದಿನಗಳಲ್ಲಿ ಇದು ದೊಡ್ಡ ಧೈರ್ಯ ಅಂತಲೇ ನನ್ನ ಭಾವನೆ. ಒಂದು ತಕರಾರಿದೆ. ಅಲ್ಲಲ್ಲಿ ಪಾತ್ರಗಳು ಒಬ್ಬರಿಗೊಬ್ಬರು ಮಾತಾಡುವ ನೆಪದಲ್ಲಿ ನಮಗೆ ಇತಿಹಾಸದ ಪಾಠ ಮಾಡುತ್ತಾರೆ. ಸಂಶೋಧನೆ ಅಷ್ಟು ಚೆನ್ನಾಗಿರುವಾಗ ಅದನ್ನು ಬಿಡಲು ಮನಸ್ಸು ಬರುವುದಿಲ್ಲ, ಅರ್ಥವಾಗುತ್ತದೆ. ಆದರೆ ಹಡಗಿನ ಪ್ರಯಾಣದ ಪುಟಗಳಲ್ಲಿ ಯಾವ ಪಾಠವೂ ಇಲ್ಲದೆ ಆ ಕಾಲ ಪೂರ್ತಿ ಕಣ್ಣ ಮುಂದೆ ಬಂತು. ಇಡೀ ಪುಸ್ತಕ ಹಾಗಿರಬಹುದಿತ್ತು.

ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ಪುಸ್ತಕ ಅಂದರೆ ಮೂಗು ಮುರಿಯುವವರಿಗೆ ನಾನು ಹೋದಲ್ಲೆಲ್ಲ ಇದನ್ನೇ ಓದಿ ಅನ್ನುತ್ತಿದ್ದೇನೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತುವ ಕತೆ ಇದು. ಗಿಡ ಸಿಗುತ್ತದೆ. ಎಲೆ ಹೇಗೆ ಜೋಡಣೆಯಾಗಿದೆ, ಹೂವಿನಲ್ಲಿ ಏನೇನಿದೆ, ಕಾಯಿ ಹೇಗಿದೆ ಅಂತ ಹುಡುಕಾಟ ಶುರು. ಅದರ ಜೊತೆಗೆ ವಿದ್ಯಾರ್ಥಿಗಳ ತುಂಟತನ, ಊಟ ತಿಂಡಿಯ ರಗಳೆ, ಹಳಗನ್ನಡದ ಒಂದು ಪದ್ಯ, ಆ ಗಿಡಕ್ಕೆ ಆ ಹೆಸರು ಯಾಕೆ ಬಂತು ಅನ್ನುವ ಸ್ವಾರಸ್ಯ. ಚಿತ್ರಗಳೂ ಸ್ವಾಮಿಯವರವೇ. ಲ್ಯಾಟಿನ್ ಹೆಸರುಗಳನ್ನು ಎಲ್ಲೂ ಬಿಟ್ಟುಕೊಡುವುದಿಲ್ಲ. ಕನ್ನಡದ ಓದುಗರಿಗೆ ಇದು ಕಷ್ಟವಾದೀತು ಅಂತ ಅವರು ಒಂದು ಕ್ಷಣವೂ ಅಂದುಕೊಂಡಿಲ್ಲ. ನಂಬಿಕೆ ಅಂದರೆ ಇದು.

ಸ್ವಾಮಿಯವರು ಹಾರ್ವರ್ಡ್‌ನ ಇರ್ವಿಂಗ್ ಬೈಲಿ ಜೊತೆ ಕೆಲಸ ಮಾಡಿದವರು. ಸಾರ್ಕಾಂಡ್ರ ಜಾತಿಯ ಒಂದು ಗಿಡಕ್ಕೆ ಬೈಲಿಯವರ ಹೆಸರನ್ನೇ ಇಟ್ಟರು. ಹೂ ಬಿಡುವ ಗಿಡಗಳ ಕಾಂಡದಲ್ಲಿ ನೀರು ಏರಲು ಸಾಮಾನ್ಯವಾಗಿ ಇರುವ ನಾಳಗಳು ಈ ಜಾತಿಯ ಕಾಂಡದಲ್ಲಿ ಇಲ್ಲ ಅಂತ 1950ರ ಹೊತ್ತಿಗೆ ಇಬ್ಬರೂ ಸೇರಿ ಬರೆದಿದ್ದರು. ಅಷ್ಟು ದೊಡ್ಡ ವಿಜ್ಞಾನಿ ಕನ್ನಡದಲ್ಲಿ ಹೀಗೆ ಹರಟೆ ಹೊಡೆಯುತ್ತಾ ಬರೆದರು. ಡಿ.ವಿ.ಜಿ. ಅವರಿಗೆ 1967ರಲ್ಲಿ, ಮಗ ಸ್ವಾಮಿಯವರಿಗೆ ಇದೇ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಡಿನ ಗಿಡಗಳ ಬಗ್ಗೆ ಬರೆದ ಪುಸ್ತಕವನ್ನು ಕಾದಂಬರಿ, ಕವಿತೆಗಳ ಸಾಲಿನಲ್ಲಿ ಇಟ್ಟು ಗೌರವಿಸಿದ ಕಾಲ ಅದು. ಈಗ ವಿಜ್ಞಾನದ ಪುಸ್ತಕ ಅಂದ ಕೂಡಲೇ ‘ಮಕ್ಕಳಿಗಾಗಿ’ ಅನ್ನುವ ಕಪಾಟಿಗೆ ತಳ್ಳಿಬಿಡುತ್ತೇವೆ. ಇದು ನನಗೆ ನಿಜವಾಗಿ ಬೇಸರ ತರುತ್ತದೆ.

ಕವಿತೆ ಹೆಚ್ಚು ಓದಲಿಲ್ಲ. ‘ಮೈಸೂರು ಮಲ್ಲಿಗೆ’ಯನ್ನು ಹಾಡಾಗಿ ಕೇಳುವುದನ್ನು ಬಿಟ್ಟು ಪುಸ್ತಕವಾಗಿ ಓದಿದೆ, ಅಷ್ಟೇ. 1942ರ ಆ ಪುಸ್ತಕದಲ್ಲಿ ರಾಗದ ಕೆಳಗೆ ಮುಚ್ಚಿಹೋಗಿದ್ದ ಎಷ್ಟೋ ಕಾಳಜಿ, ಮುನಿಸು, ಬಡತನ ಕಾಣಿಸಿದವು. ನೀವೂ ಒಮ್ಮೆ ಸದ್ದಿಲ್ಲದೆ ಓದಿ ನೋಡಿ.

ಇನ್ನು ತೇಜಸ್ವಿಯವರ ‘ಜುಗಾರಿ ಕ್ರಾಸ್’. ಪತ್ತೇದಾರಿ ಅನ್ನಿ, ಥ್ರಿಲ್ಲರ್ ಅನ್ನಿ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ, ಅವರ ಕೈಗೆ ಸಿಗುವ ಒಂದು ಹಳೆಯ ಕಾವ್ಯ, ಅದರೊಳಗಿನ ಗುಟ್ಟು, ಬೆನ್ನು ಹತ್ತುವ ಕೇಡಿಗಳು, ರೈಲು. ಓಟ ಎಲ್ಲೂ ನಿಲ್ಲುವುದಿಲ್ಲ. ಆದರೆ ಓಡುತ್ತಾ ಓಡುತ್ತಾ ಕಾಡನ್ನು ಯಾರು ಲೂಟಿ ಮಾಡುತ್ತಿದ್ದಾರೆ, ಸಣ್ಣ ಬೆಳೆಗಾರ ಯಾರ ಕೈಯಲ್ಲಿ ಸಿಕ್ಕಿಕೊಂಡಿದ್ದಾನೆ ಅನ್ನುವುದೆಲ್ಲ ಗೊತ್ತಾಗುತ್ತಾ ಹೋಗುತ್ತದೆ. ಪತ್ತೇದಾರಿ ಕಾದಂಬರಿಯನ್ನು ಟೈಂಪಾಸ್ ಅಂತ ಕೀಳಾಗಿ ಕಾಣುವವರ ಜೊತೆ ನನಗೆ ಯಾವಾಗಲೂ ಜಗಳ. ಗಂಭೀರ ಸಾಹಿತ್ಯ ಅನ್ನಿಸಿಕೊಂಡ ಎಷ್ಟೋ ಪುಸ್ತಕಗಳು ನೂರು ಪುಟದಲ್ಲಿ ವಿವರಿಸಿದ್ದನ್ನು ಇದು ಒಂದು ಲಾರಿ ಹಾದುಹೋಗುವಷ್ಟರಲ್ಲಿ ಹೇಳಿ ಮುಂದೆ ಹೋಗುತ್ತದೆ. ಎರಡನೇ ಸಲ ಓದುವಾಗ ಕತೆ ಗೊತ್ತಿರುವುದರಿಂದ ಇಂಥವೇ ಜಾಸ್ತಿ ಕಾಣುತ್ತವೆ.

ಈ ಸಲ ನಾಟಕ ಒಂದೂ ಓದಲಿಲ್ಲ. ರಂಗದ ಮೇಲೆ ನೋಡದೆ ಬರೀ ಓದಿದರೂ ಹಿಡಿದು ಕೂರಿಸುವ, ಈಚಿನ ಕನ್ನಡ ನಾಟಕ ನಿಮಗೆ ಗೊತ್ತಿದ್ದರೆ ತಿಳಿಸಿ. ಕತೆ ಹೇಳಬೇಡಿ, ಯಾವ ದೃಶ್ಯ ನಿಮ್ಮನ್ನು ನಿಲ್ಲಿಸಿತು ಅಂತ ಮಾತ್ರ ಹೇಳಿ.