‘ಬ್ರೈನ್‌ವಾಶ್’ ಎಂದರೆ ‘ಮನವೊಲಿಕೆ’ ಅಲ್ಲ: ಒಂದು ಸ್ಪಷ್ಟನೆ

‘ಬ್ರೈನ್‌ವಾಶ್ ಎಂಬುದು ಮನೋವೈದ್ಯರು ರೂಪಿಸಿದ ಪದ, ಕನ್ನಡದಲ್ಲಿ ಅದನ್ನೇ ಮನವೊಲಿಕೆ ಎನ್ನುತ್ತಾರೆ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು.

ಈ ಪದವನ್ನು ಇಂಗ್ಲಿಷಿನಲ್ಲಿ ಬಳಕೆಗೆ ತಂದವರು ವೈದ್ಯರಲ್ಲ, ಎಡ್ವರ್ಡ್ ಹಂಟರ್ ಎಂಬ ಅಮೆರಿಕನ್ ಪತ್ರಕರ್ತ. 1950ರಲ್ಲಿ ಮಯಾಮಿಯ ಪತ್ರಿಕೆಯೊಂದಕ್ಕೆ ಚೀನಾದ ಕಮ್ಯುನಿಸ್ಟ್ ಆಡಳಿತದ ಬಗ್ಗೆ ಬರೆಯುವಾಗ, ‘ತೊಳೆ’ ಮತ್ತು ‘ಮೆದುಳು’ ಎಂಬ ಅರ್ಥದ ಎರಡು ಅಕ್ಷರಗಳಿಂದಾದ ಚೀನೀ ಪದವನ್ನು ಅವರು ಹಾಗೆಯೇ ಅನುವಾದಿಸಿದರು. ಕೊರಿಯಾ ಯುದ್ಧ ನಿಂತ ಮೇಲೆ 21 ಅಮೆರಿಕನ್ ಯುದ್ಧಕೈದಿಗಳು ತಾಯ್ನಾಡಿಗೆ ಮರಳಲು ಒಪ್ಪದಿದ್ದಾಗ, ಆ ಸಂಗತಿಗೆ ವಿವರಣೆ ಹುಡುಕುತ್ತಿದ್ದ ಜನರ ಬಾಯಲ್ಲಿ ಪದ ನೆಲೆಯೂರಿತು. ಹುಟ್ಟಿನಿಂದಲೇ ಅದು ಆರೋಪದ ಮಾತು, ರೋಗನಿರ್ಣಯವಲ್ಲ.

ಇನ್ನು ‘ಮನವೊಲಿಕೆ’. ರಸ್ತೆಯಿಲ್ಲದ ಊರಿನವರು ಮತದಾನ ಬಹಿಷ್ಕರಿಸಿದಾಗ ‘ತಹಶೀಲ್ದಾರರು ಗ್ರಾಮಸ್ಥರ ಮನವೊಲಿಸಿದರು’ ಎಂದು ಪತ್ರಿಕೆಗಳು ಬರೆಯುತ್ತವೆ. ಅಲ್ಲಿ ಗ್ರಾಮಸ್ಥರು ಪ್ರಶ್ನೆ ಕೇಳಬಹುದು, ಒಪ್ಪದೆ ಎದ್ದು ಹೋಗಲೂಬಹುದು. ‘ಒಲಿ’ ಎಂಬ ಧಾತುವಿನಲ್ಲಿಯೇ ಕೇಳುವವರ ಇಚ್ಛೆ ಉಳಿದಿದೆ. ‘ಪುಸಲಾಯಿಸು’ ಎಂದೊಡನೆ ಆಮಿಷದ ನೆರಳು ಬೀಳುತ್ತದೆ, ‘ಮಂಕುಬೂದಿ ಎರಚು’ ಎಂದರೆ ವಂಚನೆಯೇ ಆಗುತ್ತದೆ. ಬ್ರೈನ್‌ವಾಶ್‌ಗೆ ಹತ್ತಿರದ ದೇಸಿ ಮಾತು ಬೇಕಾದರೆ ‘ತಲೆ ಕೆಡಿಸು’ ಇದೆ, ಆದರೆ ಕೈದಿಯನ್ನು ಒಂಟಿಯಾಗಿಟ್ಟು, ನಿದ್ದೆಗೆಡಿಸಿ, ಪದೇ ಪದೇ ತಪ್ಪೊಪ್ಪಿಗೆ ಬರೆಸುವ ಬಲಾತ್ಕಾರದ ಅರ್ಥ ಅದರಲ್ಲಿಲ್ಲ.

ಮನೆಯವರಿಗೆ ಹಿಡಿಸದ ಮದುವೆಯನ್ನು ಮಗಳು ತಾನೇ ಯೋಚಿಸಿ ಒಪ್ಪಿಕೊಂಡಾಗಲೂ ‘ಯಾರೋ ಬ್ರೈನ್‌ವಾಶ್ ಮಾಡಿದ್ದಾರೆ’ ಎನ್ನುವುದು ಈಗ ಸಾಮಾನ್ಯವಾಗಿದೆ. ಅವಳ ವಿವೇಚನೆಯನ್ನೇ ಅಳಿಸಿಹಾಕುವ ಈ ಬಳಕೆ ನನಗೆ ನಿಜವಾಗಿಯೂ ನೋವು ತರುತ್ತದೆ.